ಹೆದ್ದಾರಿಯ ಹಾದಿಯನ್ನು ಗೊತ್ತುಮಾಡುವವರು ಯಾರು?

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಕೇರಳಕ್ಕೂ ನೀಲಗಿರಿಗೂ ಹೋಗುವ ಎರಡು ಹೆದ್ದಾರಿಗಳನ್ನು ರಾತ್ರಿ ಒಂಬತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯವರೆಗೆ ಮುಚ್ಚುವ ನಿಬಂಧನೆಯು ಜಾರಿಗೆ ಬಂದು ಹದಿನೈದು ವರ್ಷಗಳ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಈ ವಿಷಯದ ವಾದವು ತಣ್ಣಗಾಗಿಲ್ಲ. ತಲತಲಾಂತರದಿಂದ ನಡೆದು ಬಂದ ರಾಜಮಾರ್ಗವನ್ನು ಮುಚ್ಚುವ ಅಧಿಕಾರವು ಯಾವ ಸರಕಾರಕ್ಕೂ ಇಲ್ಲವೆಂದು ಒಂದು ಪಕ್ಷದವರು ಹೇಳುತ್ತಾರೆ. ಕಾಡೂ ಕಾಡಿನ ಪ್ರಾಣಿಗಳೂ ಉಳಿಯಬೇಕಾದರೆ ಇರುಳಿನಲ್ಲಾದರೂ ಗಾಲಿಗಳು ನಿಲ್ಲಲೇಬೇಕೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಇಬ್ಬರ ವಾದದಲ್ಲಿಯೂ ಒಂದು ಭಾವನೆಯು ಸಮಾನವಾಗಿದೆ: ದಾರಿಯೆಂಬುದು ಹೊಳೆಯಂತೆ, ಬೆಟ್ಟದಂತೆ, ಸ್ವತಃಸಿದ್ಧವಾದ ವಸ್ತು, ಅದನ್ನು ತೆರೆದಿಡಬೇಕು ಅಥವಾ ಮುಚ್ಚಬೇಕು, ಬೇರೆ ಗತಿಯಿಲ್ಲ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರ ಮಾಡುವುದು ಇಂದಿನ ನಮ್ಮ ಉದ್ದೇಶ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಒಂದು ಸಂಗತಿಯು ಕೂಡಲೇ ಹೊಳೆಯುತ್ತದೆ. ಈ ಪ್ರದೇಶದಲ್ಲಿ ಹೆದ್ದಾರಿಗಳು ಒಂದೇ ಜಾಡಿನಲ್ಲಿ ಉಳಿದಿಲ್ಲ. ಒಂದು ಕಾಲದ ಮುಖ್ಯಮಾರ್ಗವು ಇನ್ನೊಂದು ಕಾಲದಲ್ಲಿ ದನಗಾಹಿಗಳ ಕಾಲುಹಾದಿಯಾಗಿದೆ. ಒಂದು ಕಾಲದಲ್ಲಿ ಹೆಸರೇ ಇಲ್ಲದಿದ್ದ ಕಾಡುದಾರಿಯು ಇನ್ನೊಂದು ಕಾಲದಲ್ಲಿ ರಾಷ್ಟ್ರೀಯ ಹೆದ್ದಾರಿಯೆನಿಸಿದೆ. ಪ್ರತಿಯೊಂದು ಬದಲಾವಣೆಯ ಹಿಂದೆಯೂ ಯಾರೋ ಒಬ್ಬರ ನಿರ್ಣಯವಿತ್ತು, ಯಾರದೋ ಒಂದು ಪ್ರಯೋಜನವಿತ್ತು. ಆ ನಿರ್ಣಯಗಳನ್ನು ಮಾಡಿದವರಲ್ಲಿ ಈ ಸೀಮೆಯ ರೈತರಾಗಲಿ, ವರ್ತಕರಾಗಲಿ ಬಹುಮಟ್ಟಿಗೆ ಇರಲಿಲ್ಲವೆಂಬುದೇ ನಾವು ಗಮನಿಸಬೇಕಾದ ಮಾತು.

ಮೊದಲು ಭೂಮಿಯ ಸ್ವರೂಪವನ್ನು ನೋಡೋಣ. ಮೈಸೂರು ಪ್ರಸ್ಥಭೂಮಿಯು ದಕ್ಷಿಣಕ್ಕೆ ಬಂದು ನಿಲ್ಲುವ ಅಂಚು ಇದು. ಉತ್ತರದಲ್ಲಿ ನಂಜನಗೂಡಿನ ಕಪಿಲೆಯನ್ನು ದಾಟಿದರೆ ಮೈಸೂರು. ದಕ್ಷಿಣದಲ್ಲಿ ಮೂರು ಬಾಗಿಲುಗಳಿವೆ. ಆಗ್ನೇಯಕ್ಕೆ ಸತ್ಯಮಂಗಲದ ಮೂಲಕ ಕೊಯಮತ್ತೂರಿಗೆ ಇಳಿಯುವ ಬಾಗಿಲು ಒಂದು. ದಕ್ಷಿಣಕ್ಕೆ ಮೋಯಾರು ಹೊಳೆಯನ್ನು ದಾಟಿ ನೀಲಗಿರಿಗೆ ಏರುವ ಬಾಗಿಲು ಮತ್ತೊಂದು. ನೈಋತ್ಯಕ್ಕೆ ವಯನಾಡನ್ನು ಹಾದು ಮಲಬಾರಿನ ಕರಾವಳಿಗೆ ಇಳಿಯುವ ಬಾಗಿಲು ಮೂರನೆಯದು. ಗುಂಡ್ಲುಹೊಳೆಯ ದಡದ ಗುಂಡ್ಲುಪೇಟೆಯು ಕಡೆಯ ಎರಡು ಬಾಗಿಲುಗಳ ಮುಂದೆ ಕುಳಿತಿದೆ. ಸುವರ್ಣಾವತಿಯ ಬಯಲಿನ ಚಾಮರಾಜನಗರವು ಮೊದಲನೆಯ ಬಾಗಿಲಿನ ಮುಂದೆ ಇದೆ. ಇವೆರಡನ್ನೂ ಅಡ್ಡಲಾಗಿ ಕೂಡಿಸುವ ದಾರಿಯಲ್ಲಿ ತೆರಕಣಾಂಬಿಯಿದೆ.

ಇಂದು ಬಸ್ಸಿನ ಕಿಟಕಿಯಿಂದ ನೋಡುವವನಿಗೆ ತೆರಕಣಾಂಬಿಯು ಒಂದು ಹೋಬಳಿಯ ಊರು ಮಾತ್ರ. ಆದರೆ ಹೊಯ್ಸಳರ ಕಡೆಗಾಲದಲ್ಲಿ ಅದು ದಂಡನಾಯಕರ ನೆಲೆಯಾಗಿತ್ತು. ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ಕಟ್ಟಿಸಿದ ಮಾಧವ ದಂಡನಾಯಕನು ಈ ಮನೆತನದವನು. ಘಟ್ಟದ ಕೆಳಗೆ, ಮೋಯಾರು ಭವಾನಿಯನ್ನು ಕೂಡುವ ಸ್ಥಳದಲ್ಲಿ, ಇದೇ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನಕೋಟೆಯಿತ್ತು. ಒಂದು ಠಾಣ್ಯವು ಘಟ್ಟದ ಮೇಲೆ, ಇನ್ನೊಂದು ಘಟ್ಟದ ಬುಡದಲ್ಲಿ. ಇವೆರಡರ ನಡುವೆ ದಾರಿಯಿಲ್ಲದೆ ಒಂದೇ ಅಧಿಕಾರವು ನಡೆಯುವಂತಿರಲಿಲ್ಲ. ಗಜ್ಜಲಹಟ್ಟಿಯ ಕಣಿವೆಯು ಆ ದಾರಿ. ಕನ್ನಡನಾಡಿಗೂ ಕೊಂಗುನಾಡಿಗೂ ನಡುವೆ ಶತಮಾನಗಳ ಕಾಲ ದಂಡುಗಳೂ ಸರಕುಗಳೂ ಹತ್ತಿಳಿದದ್ದು ಅಲ್ಲಿಂದಲೇ. ಚಾಮರಾಜನಗರದ ಹತ್ತಿರದ ಹರದನಹಳ್ಳಿಯು ಹಿಂದೆ ದೊಡ್ಡ ಊರಾಗಿದ್ದುದಕ್ಕೂ, ಅಲ್ಲಿ ವಿಸ್ತಾರವಾದ ದೇವಾಲಯವು ಎದ್ದುದಕ್ಕೂ, ಆ ಊರು ಘಟ್ಟದ ದಾರಿಯ ಬಾಯಲ್ಲಿದ್ದುದು ಕಾರಣವೆಂದು ಊಹಿಸಲು ಅಡ್ಡಿಯಿಲ್ಲ.

ಆಗಿನ ಚಾಮರಾಜನಗರಕ್ಕೆ ಆ ಹೆಸರೇ ಇರಲಿಲ್ಲ. ಅದು ಅರಿಕುಠಾರವೆಂಬ ಊರು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಅಭಿಮಾನದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಇಂದಿನ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ ಅಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ, ಪೇಟೆಯನ್ನು ಬೆಳೆಯಿಸಿದರು. ಅರಸರ ಕೃಪಾದೃಷ್ಟಿಯು ಬಿದ್ದೆಡೆ ಊರು ಬೆಳೆಯಿತು. ಊರು ಬೆಳೆದೆಡೆಗೆ ದಾರಿಯು ತಿರುಗಿತು. ತೆರಕಣಾಂಬಿ, ಹರದನಹಳ್ಳಿಗಳು ಹಿಂದಾದುವು. ಗುಂಡ್ಲುಪೇಟೆ, ಚಾಮರಾಜನಗರಗಳು ಮುಂದಾದುವು.

ಆ ಕಾಲದ ಹೆದ್ದಾರಿಯೆಂದರೆ ಇಂದಿನಂತೆ ಕಲ್ಲು ಹಾಸಿದ ರಸ್ತೆಯಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಸರಕು ಹೋಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. ಲಂಬಾಣಿಗಳು ಸಾವಿರಾರು ಎತ್ತುಗಳ ಹಿಂಡುಗಳನ್ನು ಹೊಡೆದುಕೊಂಡು ದವಸವನ್ನೂ ಉಪ್ಪನ್ನೂ ಸಾಗಿಸುತ್ತಿದ್ದರು. ಮೈಸೂರಿನ ಯುದ್ಧಗಳಲ್ಲಿ ಇಂಗ್ಲಿಷರ ದಂಡಿಗೂ ಅವರ ಎತ್ತುಗಳೇ ಆಧಾರವಾಗಿದ್ದುವು. ಹೇರೆತ್ತಿಗೆ ಕಡಿದಾದ ಏರು ದೊಡ್ಡ ತೊಡಕಲ್ಲ. ನೀರು, ಮೇವು ದೊರೆಯುವ ದಾರಿಯೇ ಅದಕ್ಕೆ ಸುಗಮವಾದ ದಾರಿ. ಆದಕಾರಣ ಹಳೆಯ ದಾರಿಗಳು ಹೊಳೆಯ ಮಗ್ಗುಲನ್ನು ಹಿಡಿದು ಕಣಿವೆಗಳಲ್ಲಿ ಇಳಿಯುತ್ತಿದ್ದುವು. ಗಜ್ಜಲಹಟ್ಟಿಯು ಅಂತಹ ದಾರಿ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುಸುಲ್ತಾನನು ತನ್ನ ಸೈನ್ಯವನ್ನು ಸತ್ಯಮಂಗಲದ ಬಳಿಯಿದ್ದ ಇಂಗ್ಲಿಷ್ ತುಕಡಿಯ ಮೇಲೆ ಇಳಿಸಿದ್ದು ಈ ಕಣಿವೆಯಿಂದಲೇ. ಇದೇ ಕಣಿವೆಯಿಂದ ಮೈಸೂರಿನ ಮೇಲೇರಬೇಕೆಂದು ಅದೇ ವರ್ಷ ಜನರಲ್ ಮೆಡೋಸನು ಹವಣಿಸಿದ್ದನು.

ಇಷ್ಟು ಪ್ರಸಿದ್ಧವಾದ ದಾರಿಯು ಇಂದು ಎಲ್ಲಿದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಹೇರೆತ್ತಿನ ಬದಲು ಗಾಡಿಯು ಬಂದಿತು. ಗಾಡಿಗೆ ನೀರು ಮೇವುಗಳಿಗಿಂತಲೂ ನಿಧಾನವಾದ ಏರು, ಗಟ್ಟಿಯಾದ ನೆಲ, ಹಳ್ಳಗಳಿಗೆ ಸೇತುವೆ ಬೇಕು. ಇಂಜಿನಿಯರರು ಕಣಿವೆಯನ್ನು ಬಿಟ್ಟು ಬೆಟ್ಟದ ಪಕ್ಕೆಯಲ್ಲಿ ಸುತ್ತಿ ಸುತ್ತಿ ದಾರಿಯನ್ನು ಕಡಿದರು. ಹಾಸನೂರು, ದಿಂಬಂಗಳ ಮೇಲೆ ಹೋಗಿ ಬಣ್ಣಾರಿಗೆ ಇಳಿಯುವ ದಾರಿಯು ಹೀಗೆ ಮುಖ್ಯವಾಯಿತು. ಅದರಲ್ಲಿ ಇಂದು 27 ಕಡುತಿರುವುಗಳಿವೆ. ಗಜ್ಜಲಹಟ್ಟಿಯು ಕಾಡಿಗೆ ಮರಳಿತು. 1955ರಲ್ಲಿ ಭವಾನಿಸಾಗರದ ಅಣೆಕಟ್ಟೆಯು ಪೂರ್ತಿಯಾದಾಗ ದಣ್ಣಾಯಕನಕೋಟೆಯೂ ನೀರಿನಲ್ಲಿ ಮುಳುಗಿತು. ಕಟ್ಟೆಯ ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿನ ಗುಡಿಯ ಕಲ್ಲುಗಳು ಹೊರಗೆ ಕಾಣುತ್ತವೆ. ಆರುನೂರು ವರ್ಷಗಳ ರಾಜಮಾರ್ಗಕ್ಕೆ ಉಳಿದ ಸಾಕ್ಷಿಯು ಇಷ್ಟೇ. ತಲತಲಾಂತರದ ದಾರಿಯೆಂಬ ಮಾತನ್ನು ಹಗುರವಾಗಿ ಆಡುವವರು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

ನೀಲಗಿರಿಯ ದಾರಿಯ ಕಥೆಯು ಬೇರೊಂದು ಬಗೆಯದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ನನು ಬೆಟ್ಟವನ್ನು ಹತ್ತಿ, ಅಲ್ಲಿನ ತಂಪಿಗೆ ಮಾರುಹೋದನು. ಮುಂದಿನ ಕೆಲವೇ ವರ್ಷಗಳಲ್ಲಿ ಉದಕಮಂಡಲವು ಬಿಳಿಯ ಅಧಿಕಾರಿಗಳ ಬೇಸಗೆಯ ವಾಸಸ್ಥಾನವಾಯಿತು. ಮದರಾಸಿನ ಗವರ್ನರರ ಬೇಸಗೆಯ ದರಬಾರು ಅಲ್ಲಿಯೇ ನಡೆಯತೊಡಗಿತು. ಮೈಸೂರಿನ ಕಡೆಯಿಂದ ಅಲ್ಲಿಗೆ ಗಾಡಿಯ ದಾರಿಯು ಬೇಕೆನಿಸಿದ್ದು ಆಮೇಲೆ. ಸೀಗೂರಿನ ಕಡಿದಾದ ಘಟ್ಟವೊಂದು, ಗೂಡಲೂರನ್ನು ಸುತ್ತಿಕೊಂಡು ನಿಧಾನವಾಗಿ ಏರುವ ದಾರಿಯೊಂದು, ಹೀಗೆ ಎರಡು ಹಾದಿಗಳು ತೆಪ್ಪಕಾಡಿನಲ್ಲಿ ಕೂಡಿ ಬಂಡೀಪುರದ ಮೇಲೆ ಗುಂಡ್ಲುಪೇಟೆಗೆ ಬಂದುವು. ಮುಂದೆ ಮೈಸೂರಿನ ಅರಸರೂ ಉದಕಮಂಡಲದಲ್ಲಿ ಫರ್ನ್‌ಹಿಲ್ ಅರಮನೆಯನ್ನು ಮಾಡಿಕೊಂಡರು. ಅವರ ಬೇಸಗೆಯ ಸವಾರಿಯೂ ಬೇಟೆಯ ಶಿಬಿರಗಳೂ ಈ ದಾರಿಗೆ ಪ್ರತಿಷ್ಠೆಯನ್ನು ತಂದುವು. ಇಂದು ಹೆದ್ದಾರಿಯೆನಿಸಿಕೊಂಡಿರುವುದು ಗೂಡಲೂರಿನ ಸುತ್ತುದಾರಿ. ಹತ್ತಿರದ ಸೀಗೂರು ಘಟ್ಟಕ್ಕೆ ಆ ಪದವಿ ದೊರೆಯಲಿಲ್ಲ. ಹತ್ತಿರದ ದಾರಿಯೇ ಹೆದ್ದಾರಿಯಾಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ವಯನಾಡಿನ ಕಡೆಗೂ ಒಂದೇ ದಾರಿಯಿರಲಿಲ್ಲ. ಹೆಗ್ಗಡದೇವನಕೋಟೆ, ಬಾವಲಿಗಳ ಮೇಲೆ ಮಾನಂದವಾಡಿಗೆ ಹೋಗಿ, ಅಲ್ಲಿಂದ ಪೆರಿಯದ ಘಟ್ಟವನ್ನಿಳಿದು ಕಣ್ಣಾನೂರಿನ ಕಡೆಗೆ ಸಾಗುವ ದಾರಿಯೊಂದು. ಗುಂಡ್ಲುಪೇಟೆ, ಸುಲ್ತಾನ ಬತ್ತೇರಿಗಳ ಮೇಲೆ ತಾಮರಶ್ಶೇರಿಯ ಘಟ್ಟವನ್ನಿಳಿದು ಕಲ್ಲಿಕೋಟೆಗೆ ಹೋಗುವ ದಾರಿಯೊಂದು. ಪಳಶ್ಶಿರಾಜನೊಡನೆ ನಡೆದ ಯುದ್ಧದ ವರ್ಷಗಳಲ್ಲಿ ಇಂಗ್ಲಿಷರ ಠಾಣ್ಯವಾದುದರಿಂದ ಮಾನಂದವಾಡಿಗೆ ಮಹತ್ವ ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನಿಂದ ಅಲ್ಲಿಗೆ ಹೋಗುವ ರಸ್ತೆಯು ಸಂಸ್ಥಾನದ ಹೆಸರಾದ ರಸ್ತೆಗಳಲ್ಲೊಂದಾಗಿತ್ತು. ಗುಂಡ್ಲುಪೇಟೆಯ ದಾರಿಯು ಇಂದಿನ ಅಗ್ರಸ್ಥಾನಕ್ಕೆ ಬಂದುದು ಮೋಟಾರಿನ ಕಾಲದಲ್ಲಿ, ಕಲ್ಲಿಕೋಟೆಯ ವ್ಯಾಪಾರವೂ ಬಂಡೀಪುರ, ಉದಕಮಂಡಲಗಳ ಪ್ರವಾಸವೂ ಬೆಳೆದ ಮೇಲೆ.

ಈಗ ಸರಕಾರದ ಪಾತ್ರವನ್ನು ನೋಡೋಣ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿಗಳ ರಸ್ತೆಯು ನಿರ್ಮಿತವಾಯಿತು. 1856ರಲ್ಲಿ ಮರಾಮತ್ತಿಗೆ ಪ್ರತ್ಯೇಕವಾದ ಇಲಾಖೆಯಾಯಿತು. ರಸ್ತೆಗಳನ್ನು ಸರಕಾರದ ಬೊಕ್ಕಸದಿಂದ ನಡೆಯುವ ರಸ್ತೆಗಳು, ಜಿಲ್ಲಾ ನಿಧಿಯಿಂದ ನಡೆಯುವ ರಸ್ತೆಗಳು ಎಂದು ಎರಡಾಗಿ ವಿಂಗಡಿಸುವ ಪದ್ಧತಿಯು ಬಂದಿತು. ಈ ವಿಂಗಡಣೆಯು ಕೇವಲ ಲೆಕ್ಕಪತ್ರದ ಮಾತಲ್ಲ. ಬೊಕ್ಕಸದ ಪಟ್ಟಿಗೆ ಸೇರಿದ ರಸ್ತೆಗೆ ಜಲ್ಲಿ, ಮೋರಿ, ಸಾಲುಮರ, ಮೈಲಿಗಲ್ಲು, ಮುಸಾಫರಖಾನೆ ಎಲ್ಲವೂ ಒದಗುವುವು. ಜಿಲ್ಲಾ ನಿಧಿಗೆ ಬಿದ್ದ ರಸ್ತೆಯು ಮಳೆಗಾಲಕ್ಕೆ ಕೆಸರು, ಬೇಸಗೆಗೆ ಧೂಳು. ಯಾವ ರಸ್ತೆ ಯಾವ ಪಟ್ಟಿಗೆಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ಗೊತ್ತುಮಾಡುತ್ತಿದ್ದರು. ರಾಜಧಾನಿಯಿಂದ ಗಡಿಗೆ ಹೋಗುವ ದಾರಿಗೆ ಮೊದಲ ಮನ್ನಣೆ; ಹಳ್ಳಿಯಿಂದ ಸಂತೆಗೆ ಹೋಗುವ ದಾರಿಗೆ ಉಳಿದ ಹಣ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರರು ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂದು ವರ್ಗೀಕರಿಸಿದಾಗಲೂ ಮೂಲತತ್ತ್ವವು ಬದಲಾಗಲಿಲ್ಲ. ಇಂದಿನ ರಾಜ್ಯ ಹೆದ್ದಾರಿಯೆಂಬ ಹೆಸರು ಆ ವರ್ಗೀಕರಣದ ಸಂತಾನವೇ.

ರೈಲು ಬಂದು ಮತ್ತೊಂದು ವ್ಯತ್ಯಾಸವನ್ನುಂಟುಮಾಡಿತು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೂ, ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿಯೂ ಕಂಬಿಯು ಬಂದಿತು. ಚಾಮರಾಜನಗರವು ರೈಲಿನ ಕೊನೆಯಾಯಿತು. ಗುಂಡ್ಲುಪೇಟೆಗೆ ರೈಲು ಇಂದಿಗೂ ಬಂದಿಲ್ಲ. ಕಂಬಿಯನ್ನು ಸತ್ಯಮಂಗಲದ ಕಡೆಗೆ ಮುಂದುವರಿಸಿ ಮೆಟ್ಟುಪಾಳಯಕ್ಕೆ ಕೂಡಿಸಬೇಕೆಂಬ ಸೂಚನೆಯು ಬಹುಕಾಲದಿಂದ ಇದ್ದರೂ ಕಾಡು ಅಡ್ಡವಾದುದರಿಂದ ಸಾಗಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚಿಕ್ಕ ಕಂಬಿಯು ದೊಡ್ಡದಾಯಿತೇ ಹೊರತು ಮುಂದಕ್ಕೆ ಬೆಳೆಯಲಿಲ್ಲ. ಹೀಗೆ ನೆರೆಹೊರೆಯ ಎರಡು ಪೇಟೆಗಳಲ್ಲಿ ಒಂದು ರೈಲನ್ನು ನಂಬಿತು, ಇನ್ನೊಂದು ಲಾರಿಯನ್ನು ನಂಬಿತು. ಅವುಗಳ ವ್ಯಾಪಾರದ ಮುಖಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದುವು.

ಇದರ ಮೇಲೆ ಗಡಿಯ ತೊಡಕೊಂದಿತ್ತು. 1956ನೆಯ ನವೆಂಬರ್ 1ನೆಯ ತಾರೀಖಿನವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು. ಚಾಮರಾಜನಗರದಿಂದ ಯಳಂದೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗುವವನು ಸುಮಾರು 40 ಕಿಲೋಮೀಟರುಗಳಲ್ಲಿ ಮೈಸೂರು ಸಂಸ್ಥಾನ, ಜಹಗೀರು, ಇಂಗ್ಲಿಷರ ಪ್ರಾಂತ್ಯ ಎಂಬ ಮೂರು ಆಡಳಿತಗಳನ್ನು ಹಾಯಬೇಕಾಗಿತ್ತು. ಮಾತು ಒಂದೇ, ಮಾದೇಶ್ವರನ ಜಾತ್ರೆ ಒಂದೇ, ಬೆಳೆಯುವ ಬೆಳೆ ಒಂದೇ. ರಸ್ತೆಯ ಒಡೆಯರು ಮಾತ್ರ ಮೂವರು. ಕೊಳ್ಳೇಗಾಲದ ಕನ್ನಡಿಗನು ಜಿಲ್ಲೆಯ ಕಚೇರಿಗೆ ಹೋಗಬೇಕಾದರೆ ಘಟ್ಟವನ್ನಿಳಿದು ಕೊಯಮತ್ತೂರಿಗೆ ನಡೆಯಬೇಕಾಗಿತ್ತು. ಆದಕಾರಣ ಕೊಳ್ಳೇಗಾಲದ ದಾರಿಗಳು ದಕ್ಷಿಣಕ್ಕೂ, ಗುಂಡ್ಲುಪೇಟೆಯ ದಾರಿಗಳು ಉತ್ತರಕ್ಕೂ ಎಳೆಯಲ್ಪಟ್ಟುವು. ಅಡ್ಡದಾರಿಯನ್ನು ಕೇಳುವವರಿರಲಿಲ್ಲ.

ಏಕೀಕರಣದಿಂದ ಗಡಿಯು ಅಳಿಯಿತು. 1997ರಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳನ್ನು ಮೈಸೂರಿನಿಂದ ಬೇರ್ಪಡಿಸಿ ಹೊಸ ಜಿಲ್ಲೆಯನ್ನು ಮಾಡಿದ್ದೂ ಆಯಿತು. ಆದರೆ ಹೆದ್ದಾರಿಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿರಿ. ಕಲ್ಲಿಕೋಟೆಯಿಂದ ಗುಂಡ್ಲುಪೇಟೆಗೆ ಬರುವ ಹೆದ್ದಾರಿಯು ಬೇಗೂರು, ನಂಜನಗೂಡುಗಳ ಮೇಲೆ ಮೈಸೂರಿಗೆ ಹೋಗಿ, ಅಲ್ಲಿಂದ ತಿರುಗಿ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಬರುತ್ತದೆ. ಹಿಂದೆ 212 ಎಂಬ ಸಂಖ್ಯೆಯನ್ನು ಹೊತ್ತಿದ್ದ ಇದಕ್ಕೆ 2010ರ ಮರುಸಂಖ್ಯೆಯಲ್ಲಿ 766 ಎಂಬ ಸಂಖ್ಯೆ ಬಂದಿದೆ. ಉದಕಮಂಡಲದಿಂದ ಗುಂಡ್ಲುಪೇಟೆಗೆ ಬರುವ ಹಳೆಯ 67 ಈಗ 181 ಆಗಿದೆ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರ, ದಿಂಬಂಗಳ ಮೇಲೆ ಕೊಯಮತ್ತೂರಿಗೆ ಹೋಗುವ ಹಳೆಯ 209 ಈಗ 948. ಜೇವರ್ಗಿಯಿಂದ ಹೊರಟು ಮೈಸೂರಿನ ಮೇಲೆ ಬರುವ 150ಎ ಹೆದ್ದಾರಿಯು ಚಾಮರಾಜನಗರದಲ್ಲಿ ಮುಗಿಯುತ್ತದೆ. ನಾಲ್ಕು ರಾಷ್ಟ್ರೀಯ ಹೆದ್ದಾರಿಗಳು ಜಿಲ್ಲೆಯನ್ನು ಮುಟ್ಟಿದರೂ ಗುಂಡ್ಲುಪೇಟೆಯನ್ನು ಅದರ ಜಿಲ್ಲಾ ಕೇಂದ್ರಕ್ಕೆ ನೇರವಾಗಿ ಕೂಡಿಸುವುದು ಇವುಗಳಲ್ಲಿ ಒಂದೂ ಅಲ್ಲ. ಹೆದ್ದಾರಿ 766ನ್ನು ನಂಬಿ ಗುಂಡ್ಲುಪೇಟೆಯಿಂದ ಕೊಳ್ಳೇಗಾಲಕ್ಕೆ ಹೊರಟವನು ಸುಮಾರು 120 ಕಿಲೋಮೀಟರು ಸುತ್ತಬೇಕು. ತೆರಕಣಾಂಬಿ, ಚಾಮರಾಜನಗರ, ಯಳಂದೂರುಗಳ ಮೇಲೆ ಹೋದರೆ 80 ಕಿಲೋಮೀಟರೂ ಆಗುವುದಿಲ್ಲ. ನಾಡು ಒಂದಾಯಿತು; ದಾರಿ ಒಂದಾಗಲಿಲ್ಲ.

ಈ ಹಿನ್ನೆಲೆಯಲ್ಲಿ ಇರುಳಿನ ನಿರ್ಬಂಧದ ಪ್ರಶ್ನೆಗೆ ಬರೋಣ. 2009ರ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ನಿರ್ಬಂಧದ ಆಜ್ಞೆಯನ್ನು ಹೊರಡಿಸಿದರು. ಕೆಲವೇ ದಿನಗಳಲ್ಲಿ ಅದು ಹಿಂತೆಗೆದುಕೊಳ್ಳಲ್ಪಟ್ಟಿತು. ವಿಷಯವು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2010ರ ಮಾರ್ಚಿನಲ್ಲಿ ನಿರ್ಬಂಧವು ಎತ್ತಿಹಿಡಿಯಲ್ಪಟ್ಟಿತು. ಕೇರಳ ಸರಕಾರವು ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. 2019ರಲ್ಲಿ ಆ ನ್ಯಾಯಾಲಯವು ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೇಲೆ ಮಾನಂದವಾಡಿಗೆ ಹೋಗುವ ಪರ್ಯಾಯ ಮಾರ್ಗವನ್ನು ಉತ್ತಮಪಡಿಸುವ ಮಾತನ್ನು ಎತ್ತಿದಾಗ, ಹಗಲಿನ ಸಂಚಾರವೂ ನಿಂತುಹೋದೀತೆಂಬ ಭಯದಿಂದ ಸುಲ್ತಾನ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವು ನಡೆಯಿತು. ಪರ್ಯಾಯ ಮಾರ್ಗವು ಸುಮಾರು 30 ಕಿಲೋಮೀಟರು ಹೆಚ್ಚು ಉದ್ದವಾದುದು. ಕಾಡಿನ ನಡುವೆ ಕಂಬಗಳ ಮೇಲೆ ಎತ್ತರಿಸಿದ ರಸ್ತೆಯನ್ನು ಕಟ್ಟುವ ಸೂಚನೆಯೂ ಬಂದಿತು. ಕರ್ನಾಟಕವು ಅದಕ್ಕೆ ಒಪ್ಪಲಿಲ್ಲ. ಅವಸರದ ವಾಹನಗಳಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಅವಕಾಶವಿಟ್ಟು ನಿರ್ಬಂಧವು ಇಂದಿಗೂ ನಡೆದಿದೆ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ನಿರ್ಬಂಧವು ಉಳಿಯತಕ್ಕದ್ದು. ಬಂಡೀಪುರವು 1931ರಲ್ಲಿ ಸಣ್ಣ ರಕ್ಷಿತಾರಣ್ಯವಾಗಿ ಆರಂಭವಾಗಿ, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಬೆಳೆದು, 1973ರಲ್ಲಿ ಹುಲಿಗಳ ರಕ್ಷಣೆಯ ಯೋಜನೆಗೆ ಸೇರಿತು. ರಸ್ತೆಯು ಉದ್ಯಾನಕ್ಕಿಂತ ಹಳೆಯದೆಂಬ ವಾದವು ನಿಜವೇ. ಆದರೆ ಕಾಡು ರಸ್ತೆಗಿಂತ ಹಳೆಯದೆಂಬುದೂ ನಿಜವಲ್ಲವೆ? ಹಿಂದಿನ ರಸ್ತೆಯಲ್ಲಿ ಇರುಳು ಗಾಡಿಗಳು ನಡೆಯುತ್ತಿರಲಿಲ್ಲ. ಕತ್ತಲಾದರೆ ಎತ್ತುಗಳನ್ನು ಬಿಚ್ಚಿ ಬೆಂಕಿ ಹಾಕಿಕೊಂಡು ಮಲಗುವುದೇ ಪದ್ಧತಿಯಾಗಿತ್ತು. ಇರುಳೆಲ್ಲ ಲಾರಿಗಳು ಸಾಲುಗಟ್ಟಿ ಓಡುವುದು ಮೋಟಾರಿನ ಕಾಲದ ಹೊಸ ವ್ಯವಸ್ಥೆ. ಹಳೆಯ ಹಕ್ಕಿನ ಹೆಸರಿನಲ್ಲಿ ಹೊಸ ವಾಡಿಕೆಯನ್ನು ಸಮರ್ಥಿಸುವುದು ಸರಿಯಾಗದು. ಗಜ್ಜಲಹಟ್ಟಿಯನ್ನು ಬಿಟ್ಟು ಹಾಸನೂರಿಗೆ, ಸೀಗೂರನ್ನು ಬಿಟ್ಟು ಗೂಡಲೂರಿಗೆ ಹೆದ್ದಾರಿಯು ಸರಿದಾಗ ನಾಡು ಕೆಡಲಿಲ್ಲ. ಕಾಡಿನ ಸಲುವಾಗಿ ಇರುಳಿನ ಒಂಬತ್ತು ಗಂಟೆಗಳ ಮಟ್ಟಿಗೆ ಸಂಚಾರವು ಕುಟ್ಟದ ಕಡೆಗೆ ಸರಿದರೆ ಕೆಡುವುದೆಂದು ನಾವು ನಂಬುವುದಿಲ್ಲ.

ಆದರೆ ನಿರ್ಬಂಧವನ್ನು ಹೇರುವವರ ಮೇಲೆಯೂ ಹೊಣೆಯಿದೆ. ದಾರಿಯನ್ನು ಬದಲಾಯಿಸುವ ಸರಕಾರವು ಬದಲಾವಣೆಯ ಭಾರವನ್ನು ತಾನು ಹೊರಬೇಕೇ ಹೊರತು ದಾರಿಯ ಮೇಲೆ ಬದುಕುವವರ ತಲೆಗೆ ಕಟ್ಟಬಾರದು. ಇದಕ್ಕೆ ದಿಂಬಂ ಘಟ್ಟದ ಉದಾಹರಣೆಯೇ ಸಾಕು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿಯ ರಕ್ಷಿತಾರಣ್ಯವಾಯಿತು. 2022ರ ಫೆಬ್ರುವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಸಂಜೆ ಆರರಿಂದ ಬೆಳಗಿನ ಆರರವರೆಗೆ ಸರಕಿನ ವಾಹನಗಳು ಆ ಘಟ್ಟದಲ್ಲಿ ನಿಲ್ಲಿಸಲ್ಪಟ್ಟುವು. ಉದ್ದೇಶವು ಒಳ್ಳೆಯದೇ. ಆದರೆ ಘಟ್ಟದ ಮೇಲಿರುವ ತಾಳವಾಡಿಯ ಹಳ್ಳಿಗಳ ಜನರು ಬಹುಮಂದಿ ಕನ್ನಡ ಮಾತಾಡುವವರು. ಅವರ ಬದುಕು ಚಾಮರಾಜನಗರದ ಪೇಟೆಗೆ ಹತ್ತಿರ, ಅವರ ಜಿಲ್ಲೆಯ ಕಚೇರಿ ಮಾತ್ರ ಘಟ್ಟದ ಕೆಳಗೆ ಈರೋಡಿನಲ್ಲಿ. ತರಕಾರಿಯು ಬಾಡುವ ಮೊದಲು ಮಾರುಕಟ್ಟೆಯನ್ನು ಮುಟ್ಟಬೇಕಾದ ರೈತನಿಗೆ ಸಂಜೆಯ ಆರು ಗಂಟೆಯೆಂದರೆ ಏನೆಂಬುದನ್ನು ಆಜ್ಞೆಯ ಮೊದಲು ಯಾರೂ ಕೇಳಿದಂತೆ ತೋರುವುದಿಲ್ಲ. ಜನರು ಬೀದಿಗಿಳಿದ ಮೇಲೆಯೇ ಸ್ಥಳೀಕರಿಗೆ ಕೆಲವು ಸಡಿಲಿಕೆಗಳು ದೊರೆತುವು. ಕೇಳಿದ ಮೇಲೆ ಕೊಟ್ಟದ್ದನ್ನು ಕೇಳುವ ಮೊದಲೇ ವಿಚಾರಿಸಿದ್ದರೆ ಆಗುತ್ತಿದ್ದ ನಷ್ಟವೇನು?

ಮುಂದೆ ಇನ್ನೂ ದೊಡ್ಡ ಪರೀಕ್ಷೆಯಿದೆ. ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳನ್ನು ತಪ್ಪಿಸಲು ಆನಕ್ಕಾಂಪೊಯಿಲಿನಿಂದ ಕಳ್ಳಾಡಿಯ ಮೇಲೆ ಮೇಪ್ಪಾಡಿಗೆ ಎಂಟು ಕಿಲೋಮೀಟರಿಗೂ ಮಿಕ್ಕ ಸುರಂಗಮಾರ್ಗವನ್ನು ಕೊರೆಯುವ ಕೆಲಸಕ್ಕೆ ಕೇರಳ ಸರಕಾರವು 2025ರ ಆಗಸ್ಟಿನಲ್ಲಿ ಚಾಲನೆ ಕೊಟ್ಟಿದೆ. ಅದು ಪೂರ್ತಿಯಾದ ದಿನ ಕರಾವಳಿಯ ಸರಕು ಇನ್ನೂ ಬೇಗನೆ, ಇನ್ನೂ ಹೆಚ್ಚಾಗಿ ವಯನಾಡನ್ನು ಮುಟ್ಟುವುದು. ಅಲ್ಲಿಂದ ಮುಂದಕ್ಕೆ ಅದು ಬರಬೇಕಾದುದು ಮುತ್ತಂಗದ ಕಾಡು, ಬಂಡೀಪುರದ ಕಾಡು, ಆಮೇಲೆ ಗುಂಡ್ಲುಪೇಟೆಯ ಬೀದಿ. ಘಟ್ಟದ ಕೆಳಗೆ ತೆಗೆದುಕೊಂಡ ಒಂದು ನಿರ್ಣಯದ ಫಲವನ್ನು ಘಟ್ಟದ ಮೇಲಿನವರು ಉಣ್ಣಬೇಕಾಗುತ್ತದೆ. ನಮ್ಮ ಸರಕಾರದವರು ಈ ಮಾತನ್ನು ಇಂದೇ ಯೋಚಿಸದಿದ್ದರೆ, ನಾಳೆ ಲಾರಿಗಳ ಸಾಲು ಕಾಡಿನ ಬಾಗಿಲಲ್ಲಿ ನಿಂತಾಗ ಮತ್ತೊಂದು ಅವಸರದ ಆಜ್ಞೆಯನ್ನು ಹೊರಡಿಸಬೇಕಾದೀತು.

ಆದಕಾರಣ ಕೆಲವು ಸ್ಪಷ್ಟವಾದ ಕಾರ್ಯಗಳನ್ನು ಸರಕಾರದ ಮುಂದೆ ಇಡುತ್ತೇವೆ. ಮೊದಲನೆಯದಾಗಿ, ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ ಎಂಬ ಅಡ್ಡದಾರಿಯನ್ನು ಜಿಲ್ಲೆಯ ಪ್ರಥಮ ಹೆದ್ದಾರಿಯೆಂದು ಭಾವಿಸಿ, ಇದಕ್ಕೆ ಹೊರಜಿಲ್ಲೆಗೆ ಹೋಗುವ ಹೆದ್ದಾರಿಗಳಿಗಿಂತ ಕಡಮೆಯಿಲ್ಲದ ಮನ್ನಣೆಯನ್ನು ಕೊಡತಕ್ಕದ್ದು. ಇದರಿಂದ ಒಂದು ಮರವನ್ನೂ ಕಾಡಿನಲ್ಲಿ ಕಡಿಯಬೇಕಾಗಿಲ್ಲ. ಇದು ಬಯಲಿನ ದಾರಿ, ಊರುಗಳ ದಾರಿ. ಎರಡನೆಯದಾಗಿ, ಹುಣಸೂರು, ಕುಟ್ಟಗಳ ಪರ್ಯಾಯ ಮಾರ್ಗವನ್ನು ಮಳೆಗಾಲಕ್ಕೂ ಕೆಡದಂತೆ ಕಾಪಾಡಿ, ಅದರಲ್ಲಿ ಹೋಗುವವನಿಗೆ ನಿರ್ಬಂಧವು ಶಿಕ್ಷೆಯೆನಿಸದಂತೆ ಮಾಡತಕ್ಕದ್ದು. ಮೂರನೆಯದಾಗಿ, ಯಾವುದೇ ಹೆದ್ದಾರಿಯ ಹಾದಿಯನ್ನು ಬದಲಾಯಿಸುವ, ಅಗಲಿಸುವ, ಊರ ಹೊರಗೆ ತಿರುಗಿಸುವ ಮೊದಲು ಆ ದಾರಿಯ ಮೇಲಿನ ಗ್ರಾಮ ಪಂಚಾಯತಿಗಳ ಸಭೆಗಳಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿ, ಅವುಗಳ ಅಭಿಪ್ರಾಯವನ್ನು ಬರಹದಲ್ಲಿ ಪಡೆಯತಕ್ಕದ್ದು. ತಾಳವಾಡಿಯಂತಹ ಗಡಿಯಾಚೆಯ ಊರುಗಳ ವಿಷಯದಲ್ಲಿ ಎರಡು ಸರಕಾರಗಳೂ ಕೂಡಿ ಕುಳಿತು ಮಾತಾಡುವ ಪದ್ಧತಿಯನ್ನು ಹಾಕತಕ್ಕದ್ದು.

ನಾಲ್ಕನೆಯದು ಸಣ್ಣ ಕೆಲಸವಾಗಿ ಕಂಡರೂ ನಮ್ಮ ದೃಷ್ಟಿಯಲ್ಲಿ ಬಹು ಮುಖ್ಯವಾದುದು. ಜಿಲ್ಲೆಯ ಹಳೆಯ ದಾರಿಗಳ ದಾಖಲೆಯೊಂದು ಸಿದ್ಧವಾಗಬೇಕು. ಸಂಸ್ಥಾನದ ಕಾಲದ ಮರಾಮತ್ತಿನ ನಕ್ಷೆಗಳು, ಕಂದಾಯದ ಗ್ರಾಮನಕ್ಷೆಗಳು, ಅಲ್ಲಲ್ಲಿ ಉಳಿದ ಮೈಲಿಗಲ್ಲುಗಳು, ಹಳೆಯ ಸೇತುವೆಗಳು, ಸಾಲುಮರಗಳು ಎಲ್ಲವನ್ನೂ ಒಂದೆಡೆ ಗುರುತಿಸಬೇಕು. 1735ರ ದಳವಾಯಿ ಸೇತುವೆಯು ನಂಜನಗೂಡಿನಲ್ಲಿ ಇಂದಿಗೂ ನಿಂತಿದೆ. ಅದರ ಮೇಲೆ ನಡೆದ ದಾರಿಯು ಮುಂದೆ ಎತ್ತ ಹೋಗುತ್ತಿತ್ತೆಂದು ಕೇಳಿದರೆ ಹೇಳುವವರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ರಸ್ತೆ ಅಗಲಿಸುವಾಗ ಹಳೆಯ ಕಲ್ಲು ಮಣ್ಣಿನೊಳಗೆ ಹೋಗುತ್ತದೆ, ಸಾಲುಮರ ಸೌದೆಯ ಲಾರಿಗೆ ಹೋಗುತ್ತದೆ. ಹಿಂದೆ ದಾರಿಯು ಎಷ್ಟು ಸಾರಿ, ಯಾವ ಕಾರಣದಿಂದ ಬದಲಾಯಿತೆಂಬುದನ್ನು ಜನರು ಬಲ್ಲವರಾದರೆ, ಇನ್ನು ಮುಂದಿನ ಬದಲಾವಣೆಯ ಮಾತು ಬಂದಾಗ ಬೆದರದೆ, ಬೆದರಿಸುವವರಿಗೆ ಕಿವಿಗೊಡದೆ ವಿಚಾರ ಮಾಡಬಲ್ಲರು.

ಇಷ್ಟಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆಯು ಬರುವುದು ಸಹಜ. ಕಂಬಗಳ ಮೇಲೆ ರಸ್ತೆಯನ್ನು ಎತ್ತುವ ಯೋಜನೆಗೆ ಕೋಟಿಗಟ್ಟಲೆ ರೂಪಾಯಿಗಳ ಲೆಕ್ಕವನ್ನು ಹಾಕಬಲ್ಲ ದೇಶಕ್ಕೆ, ಇರುವ ಬಯಲುದಾರಿಯನ್ನು ನೆಟ್ಟಗೆ ಮಾಡುವುದು ಅಸಾಧ್ಯವಾಗಲಾರದು. ಕೊರತೆಯಿರುವುದು ಹಣದಲ್ಲಿ ಅಲ್ಲ, ಅಕ್ಕರೆಯಲ್ಲಿ.

ದಂಡಿಗಾಗಿ ಒಮ್ಮೆ, ದೊರೆಗಳ ಬೇಸಗೆಯ ವಿಹಾರಕ್ಕಾಗಿ ಒಮ್ಮೆ, ಕರಾವಳಿಯ ವ್ಯಾಪಾರಕ್ಕಾಗಿ ಒಮ್ಮೆ ಈ ಸೀಮೆಯ ದಾರಿಗಳು ತಮ್ಮ ಹಾದಿಯನ್ನು ಬದಲಿಸಿವೆ. ಕಾಡಿಗಾಗಿ ಒಮ್ಮೆ ಬದಲಿಸುವುದರಲ್ಲಿ ತಪ್ಪಿಲ್ಲ. ಆದರೆ ಆ ಬದಲಾವಣೆಯು ಹಿಂದಿನವುಗಳಂತೆ ದೂರದಲ್ಲಿ ಕುಳಿತವರ ಲೇಖನಿಯಿಂದ ಮಾತ್ರವೇ ಆಗಕೂಡದು. ಗುಂಡ್ಲುಪೇಟೆಯ ಅಂಗಡಿಯವನೂ, ತೆರಕಣಾಂಬಿಯ ರೈತನೂ, ತಾಳವಾಡಿಯ ಕನ್ನಡಿಗನೂ ಆ ನಿರ್ಣಯದಲ್ಲಿ ಪಾಲುಗಾರರಾಗಬೇಕು. ಪ್ರಜಾರಾಜ್ಯದಲ್ಲಿ ರಾಜಮಾರ್ಗಕ್ಕೆ ಒಡೆಯರು ಪ್ರಜೆಗಳೇ. ಈ ಮಾತನ್ನು ಸರಕಾರವು ಮರೆಯದಂತೆ ನೋಡಿಕೊಳ್ಳುವುದು ಆ ಪ್ರಜೆಗಳ ಕರ್ತವ್ಯವಾಗಿದೆ.